ನಮ್ಮ ಹೆತ್ತವರನ್ನು ನೋಡಿಕೊಳ್ಳುವ ಫಿಲಿಪಿನೊ ಅಕ್ಕಂದಿರ ಬಗ್ಗೆ, ಬೇ ಏರಿಯಾದ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಎಲ್ಲ ಕನ್ನಡ ಬಂಧುಗಳಿಗೆ ನಮಸ್ಕಾರ.

ಹೋದ ವಾರ ನಮ್ಮ ವಾಟ್ಸಾಪ್ ಗುಂಪೊಂದರಲ್ಲಿ ಒಬ್ಬರು ಹೀಗೆ ಬರೆದಿದ್ದರು: "ಅತ್ತೆಯವರನ್ನು ನೋಡಿಕೊಳ್ಳಲು ಒಬ್ಬರು ಬೇಕು. ಮನೆಯಲ್ಲೇ ಇರಬೇಕು. ದಿನದ ಲೆಕ್ಕ, ಕ್ಯಾಶ್. ಫಿಲಿಪಿನೊ ಆದ್ರೆ ಒಳ್ಳೇದು, ಎದುರು ಮಾತಾಡಲ್ಲ." ಕೆಳಗೆ ಎಷ್ಟೋ ಜನ ಥಂಬ್ಸ್ ಅಪ್ ಹಾಕಿದ್ದರು. ಇಬ್ಬರು ಫೋನ್ ನಂಬರ್ ಕೂಡ ಕೊಟ್ಟರು. ಬರೆದವರು ಕೆಟ್ಟವರಲ್ಲ, ನನಗೆ ಗೊತ್ತಿರುವವರೇ. ಊರಿನಲ್ಲಿ ಒಬ್ಬರೇ ಇದ್ದ ಅತ್ತೆಯನ್ನು ಕರೆಸಿಕೊಂಡು ಚೆನ್ನಾಗಿ ನೋಡಿಕೊಳ್ಳಬೇಕು ಅಂತ ಒದ್ದಾಡುತ್ತಿರುವವರು. 2025ರ ಶುರುವಿನಲ್ಲಿ ನಾನೂ ಹೆಚ್ಚುಕಡಿಮೆ ಇದೇ ಮಾತನ್ನು ಬರೆದಿದ್ದೆ. ಅದಕ್ಕೇ ಈ ಪತ್ರ.

ನನ್ನ ಅಮ್ಮ ತಿಪಟೂರಿನವರು. ಅಪ್ಪ ಹೋದ ಮೇಲೆ ಯೂನಿಯನ್ ಸಿಟಿಯಲ್ಲಿ ನಮ್ಮ ಜೊತೆಯೇ ಇದ್ದಾರೆ. 2025ರ ಜನವರಿಯಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಆಸ್ಪತ್ರೆಯಿಂದ ಕಳಿಸುವಾಗ ನರ್ಸಿಂಗ್ ಹೋಮ್ ಮಾತು ಬಂತು. ನಾನು ಬೇಡ ಅಂದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಅನ್ನ ಸಾರು ಇಲ್ಲದೆ ಊಟ ಸೇರುವುದಿಲ್ಲ, ಹೆತ್ತವರನ್ನು ಹೀಗೆ ಹೊರಗೆ ಬಿಡುವುದು ನಮ್ಮಲ್ಲಿ ಇಲ್ಲ ಅಂತ ಆ ಸೋಷಿಯಲ್ ವರ್ಕರ್‌ಗೆ ಹೆಮ್ಮೆಯಿಂದಲೇ ಹೇಳಿದೆ. ಆದರೆ ನಾನು ಕೆಲಸ ಬಿಡಲಿಲ್ಲ. ನಮ್ಮನೆಯವರೂ ಬಿಡಲಿಲ್ಲ. ಬೆಳಗ್ಗೆ 7ರಿಂದ ರಾತ್ರಿ 7ರವರೆಗೆ, ವಾರಕ್ಕೆ ಆರು ದಿನ ಅಮ್ಮನ ಜೊತೆ ಇದ್ದವರು ಫಿಲಿಪೀನ್ಸಿನ ಪಂಗಾಸಿನಾನ್ ಪ್ರಾಂತ್ಯದಿಂದ ಬಂದ ಒಬ್ಬ ಹೆಂಗಸು. 50 ದಾಟಿದವರು. ಹೆಸರು ಹಾಕಬೇಡ, ಬೇಕಾದರೆ ಉಳಿದದ್ದು ಬರಿ ಅಂದಿದ್ದಾರೆ. ನಾವು ಅವರನ್ನು "ಆತೆ" ಅಂತ ಕರೆಯುತ್ತೇವೆ. ಟಗಾಲೋಗ್ ಭಾಷೆಯಲ್ಲಿ ಆತೆ ಅಂದರೆ ಅಕ್ಕ. ಅಮ್ಮನಿಗೆ ಅದು "ಅತ್ತೆ" ಅಂತ ಕೇಳಿಸಿತು, ಇವತ್ತಿಗೂ ಹಾಗೇ ಕರೆಯುತ್ತಾರೆ.

ಮೊದಲ ದಿನ ಆತೆ ಬಂದವರೇ ಅಮ್ಮನ ಎಡಗೈ ಎತ್ತಿ ತಮ್ಮ ಹಣೆಗೆ ಒತ್ತಿಕೊಂಡರು. ಹಿರಿಯರಿಗೆ ಅವರು ನಮಸ್ಕಾರ ಮಾಡುವ ರೀತಿ ಅದು, "ಮಾನೊ" ಅಂತಾರೆ. ಅಮ್ಮನಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ತಾನಾಗಿ ತಲೆ ಮೇಲೆ ಕೈ ಇಡಲು ಹೋದರು. ಮಾರನೇ ದಿನ ಮುಖ ತೊಳೆಸುವಾಗ ಆತೆ ತಮ್ಮ ಮುಖ ಮುಟ್ಟಿಕೊಂಡು "ಮುಖಾ" ಅಂದರು. ಅಮ್ಮ ಸ್ಟ್ರೋಕ್ ಆದ ಮೇಲೆ ಮೊದಲ ಸಲ ಜೋರಾಗಿ ನಕ್ಕರು. ಅವರ ಭಾಷೆಯಲ್ಲೂ ಮುಖಕ್ಕೆ ಮುಖಾ ಅಂತಲೇ ಹೇಳುತ್ತಾರೆ, ಯಾವುದೋ ಕಾಲದಲ್ಲಿ ಸಂಸ್ಕೃತದಿಂದ ಕಡಲು ದಾಟಿ ಹೋದ ಮಾತು. ಆಮೇಲೆ ಇಬ್ಬರೂ ಸೇರಿ ಇಂಥ ಮಾತುಗಳನ್ನು ಹುಡುಕುವುದೇ ಒಂದು ಆಟ ಮಾಡಿಕೊಂಡರು. ಆಸೆಗೆ ಅವರು "ಆಸಾ" ಅಂತಾರೆ. ಕಷ್ಟ, ಬಡತನಕ್ಕೆ "ದುಖಾ" ಅಂತಾರೆ. ಪಾಠ ಹೇಳುವವರು "ಗುರೊ". ಆತೆ ಊರಿನಲ್ಲಿ 20 ವರ್ಷ ಗುರೊ ಆಗಿದ್ದರು. ಇದು ನಮಗೆ ಗೊತ್ತಾಗಿದ್ದೇ ಆ ಆಟದಿಂದ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ನಾನು ಕೇಳಿರಲಿಲ್ಲ.

ಅಡುಗೆಮನೆಯಲ್ಲೂ ಹೀಗೇ ಆಯಿತು. ಫಿಲಿಪಿನೊ ಅಂಗಡಿಯಿಂದ ಅವರು "ಮಾಲುಂಗಾಯ್" ಅಂತ ಒಂದು ಸೊಪ್ಪು ತಂದರು. ಬಿಚ್ಚಿ ನೋಡಿದರೆ ನುಗ್ಗೆಸೊಪ್ಪು! ಅವರ ಹುಳಿ ಸಾರಿಗೆ "ಸಿನಿಗಾಂಗ್" ಅಂತ ಹೆಸರು, ಹುಣಸೆಹಣ್ಣಿನ ಹುಳಿ. ನಮ್ಮ ಮನೆಯಲ್ಲಿ ಮಾಂಸ ಮೀನು ಇಲ್ಲದೆ ಬರೀ ಮೂಲಂಗಿ, ಬೆಂಡೆಕಾಯಿ ಹಾಕಿ ಮಾಡಿಕೊಟ್ಟರು. ಅಮ್ಮ ಎರಡು ಸಲ ಹಾಕಿಸಿಕೊಂಡರು.

ಇಷ್ಟೆಲ್ಲ ಪ್ರೀತಿ ಇತ್ತು, ನಿಜ. ಆದರೆ ಆ ಹೊತ್ತಿಗೆ ನಾವು ಅವರಿಗೆ ಕೊಡುತ್ತಿದ್ದದ್ದು ದಿನಕ್ಕೆ 150 ಡಾಲರ್. 12 ಗಂಟೆಗೆ. ಕೈಗೆ ಕ್ಯಾಶ್, ಒಂದು ಚೀಟಿಯೂ ಇಲ್ಲ. ಎಲ್ಲರೂ ಅಷ್ಟೇ ಕೊಡುತ್ತಾರೆ ಅಂತ ಸ್ನೇಹಿತರು ಹೇಳಿದ್ದರು, ನಾನು ಲೆಕ್ಕ ಹಾಕಲು ಹೋಗಲಿಲ್ಲ. ಗಂಟೆಗೆ ಹನ್ನೆರಡೂವರೆ ಡಾಲರ್ ಬಿತ್ತು. ಇಲ್ಲಿ ಹ್ಯಾಂಬರ್ಗರ್ ಕಟ್ಟಿಕೊಡುವ ಕಾಲೇಜು ಹುಡುಗನಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ.

ಆ ದುಡ್ಡು ಎಲ್ಲಿ ಹೋಗುತ್ತಿತ್ತು ಅಂತ ನಿಧಾನವಾಗಿ ಗೊತ್ತಾಯಿತು. ಆತೆಯ ಅಮ್ಮನಿಗೆ 84 ವರ್ಷ, ಪಂಗಾಸಿನಾನ್‌ನಲ್ಲೇ ಇದ್ದಾರೆ. ಅವರನ್ನು ನೋಡಿಕೊಳ್ಳಲು ಪಕ್ಕದ ಹಳ್ಳಿಯ ಒಬ್ಬ ಹುಡುಗಿಯನ್ನು ಇಟ್ಟಿದ್ದಾರೆ, ಅವಳ ಸಂಬಳ ಇಲ್ಲಿಂದ ಹೋಗಬೇಕು. ನನ್ನ ಅಮ್ಮನನ್ನು ಆತೆ ನೋಡುತ್ತಾರೆ, ಆತೆಯ ಅಮ್ಮನನ್ನು ಆ ಹುಡುಗಿ ನೋಡುತ್ತಾಳೆ, ಆ ಹುಡುಗಿಯ ಅಮ್ಮನನ್ನು ಯಾರು ನೋಡುತ್ತಾರೋ! ಒಂದಿಷ್ಟು ದುಡ್ಡು "ಪಲುವಾಗನ್"ಗೆ. ಅಂದರೆ ನಮ್ಮ ಚೀಟಿ ಇದ್ದ ಹಾಗೇ, ಹರಾಜು ಮಾತ್ರ ಇಲ್ಲ, ಸರದಿ ಪ್ರಕಾರ ಒಬ್ಬೊಬ್ಬರಿಗೆ ಒಟ್ಟು ದುಡ್ಡು ಸಿಗುತ್ತದೆ. ಇನ್ನಷ್ಟು ದುಡ್ಡು ಪೆಟ್ಟಿಗೆಗೆ. ಅದನ್ನು "ಬಾಲಿಕ್‌ಬಾಯನ್ ಬಾಕ್ಸ್" ಅಂತಾರೆ, ಊರಿಗೆ ಮರಳುವವರ ಪೆಟ್ಟಿಗೆ. ಸೋಪು, ಟೂತ್‌ಪೇಸ್ಟು, ಟವಲು, ಚಾಕಲೇಟು, ಡಬ್ಬಿ ಮಾಂಸ, ಯಾರೋ ಸೋದರಳಿಯನಿಗೆ ಶೂ. ಸೇಲ್ ಬಂದಾಗ ಒಂದೊಂದೇ ಕೊಂಡು ತಿಂಗಳುಗಟ್ಟಲೆ ತುಂಬುತ್ತಾರೆ. ಹಡಗಿನಲ್ಲಿ ಹೋಗುವುದರಿಂದ ಕ್ರಿಸ್‌ಮಸ್‌ಗೆ ಮುಟ್ಟಬೇಕಾದರೆ ಬಹಳ ಮುಂಚೆ ಕಳಿಸಬೇಕು. ನಾವು ಊರಿಗೆ ಹೋಗುವಾಗ ಬಾದಾಮಿ, ಚಾಕಲೇಟು, ವಿಟಮಿನ್ ಮಾತ್ರೆ ತುಂಬಿ ಸೂಟ್‌ಕೇಸ್ ತೂಕ ಹಾಕಿ ಹಾಕಿ ನೋಡುತ್ತೇವಲ್ಲ, ಅದೇ. ಒಂದೇ ವ್ಯತ್ಯಾಸ: ನಾವು ಸೂಟ್‌ಕೇಸಿನ ಜೊತೆ ಹೋಗುತ್ತೇವೆ. ಆತೆ ಬಂದು ಮೂರು ವರ್ಷ ಆಯಿತು, ಪೆಟ್ಟಿಗೆಗಳು ಹೋಗಿವೆ, ಅವರು ಹೋಗಿಲ್ಲ.

ಈಗ ಜೂನ್ ತಿಂಗಳ ವಿಷಯ ಹೇಳಬೇಕು. ಹೇಳಲು ಕಷ್ಟ, ಆದರೂ ಹೇಳುತ್ತೇನೆ.

ಆತೆಯ ಮಗಳಿಗೆ 18 ತುಂಬಿತು. ಫಿಲಿಪಿನೊ ಮನೆಗಳಲ್ಲಿ ಹುಡುಗಿಗೆ 18 ಆಗುವುದು ದೊಡ್ಡ ಸಂಭ್ರಮ, "ಡೆಬ್ಯೂ" ಅಂತಾರೆ. 18 ಗುಲಾಬಿ ಹಿಡಿದು 18 ಗಂಡಸರು, ಅಪ್ಪ, ಅಣ್ಣತಮ್ಮಂದಿರು, ಮಾವಂದಿರು, ಸ್ನೇಹಿತರು, ಒಬ್ಬೊಬ್ಬರಾಗಿ ಬಂದು ಹುಡುಗಿಯ ಜೊತೆ ನಾಲ್ಕು ಹೆಜ್ಜೆ ಹಾಕುತ್ತಾರೆ. 18 ಹೆಂಗಸರು ದೀಪ ಹಚ್ಚಿ ಒಂದೊಂದು ಒಳ್ಳೆಯ ಮಾತು ಹೇಳುತ್ತಾರೆ. ಆಯಸ್ಸು ಉದ್ದ ಇರಲಿ ಅಂತ ಉದ್ದ ಶ್ಯಾವಿಗೆಯ "ಪಾನ್ಸಿತ್" ಮಾಡುತ್ತಾರೆ. ಈ ದಿನಕ್ಕಾಗಿ ಆತೆ ಒಂದು ವರ್ಷದಿಂದ ಪಲುವಾಗನ್ ಕಟ್ಟಿದ್ದರು. ಮೂರು ವಾರ ಮೊದಲೇ ಆ ಶನಿವಾರ ರಜೆ ಕೇಳಿದ್ದರು. ನಾನು ಹೂಂ ಅಂದಿದ್ದೆ. ಆಮೇಲೆ ಅದೇ ದಿನ ನಮ್ಮವರೊಬ್ಬರ ಗೃಹಪ್ರವೇಶ ಬಂತು, ಟ್ರೇಸಿಯಲ್ಲಿ. "ಮಧ್ಯಾಹ್ನದವರೆಗೆ ಇದ್ದು ಹೋಗ್ತೀರಾ ಆತೆ?" ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು "ಓಕೆ ಲಾಂಗ್ ಪೊ" ಅಂದರು. ಪರವಾಗಿಲ್ಲ ರೀ, ಅನ್ನುವ ಹಾಗೆ. ನಾವು ಮೂರು ಗಂಟೆಗೆ ಬರುತ್ತೇವೆ ಅಂದವರು ಊಟ, ಮಾತು, ಟ್ರಾಫಿಕ್ ಎಲ್ಲ ಸೇರಿ ಆರೂಮುಕ್ಕಾಲಿಗೆ ಬಂದೆವು. ಆತೆ ಬಾಗಿಲಲ್ಲೇ ಬ್ಯಾಗ್ ಹಿಡಿದು ನಿಂತಿದ್ದರು. ರೇಷ್ಮೆಯಂಥ ಬಟ್ಟೆಯ ಕವರ್ ಕೈಯಲ್ಲಿತ್ತು, ಬದಲಾಯಿಸಿಕೊಳ್ಳಲೂ ಅಮ್ಮನನ್ನು ಬಿಟ್ಟು ಒಳಗೆ ಹೋಗಿರಲಿಲ್ಲ. ಅವರು ಹಾಲ್ ತಲುಪುವ ಹೊತ್ತಿಗೆ 18 ದೀಪಗಳಲ್ಲಿ 17 ಹಚ್ಚಿ ಆಗಿತ್ತಂತೆ. ಕೊನೆಯದು ತಾಯಿಯದು. ಅದಕ್ಕೋಸ್ಕರ ಎಲ್ಲರೂ ಕಾದಿದ್ದರಂತೆ.

ಇದನ್ನು ಅವರು ನನಗೆ ಹೇಳಲಿಲ್ಲ. ಅಮ್ಮನಿಗೆ ಫೋನಿನಲ್ಲಿ ಫೋಟೊ ತೋರಿಸುವಾಗ ಗೊತ್ತಾಯಿತು. ಅಮ್ಮ ಆ ರಾತ್ರಿ ನನ್ನ ಜೊತೆ ಮಾತಾಡಲಿಲ್ಲ. ಮಾರನೇ ದಿನ ತೊದಲುತ್ತಲೇ ಒಂದು ಮಾತು ಅಂದರು: "ನಿನ್ನ ಗೃಹಪ್ರವೇಶ ಅವಳ ಮಗಳ ಹಬ್ಬ ತಿಂತು."

ಆತೆ ಯಾಕೆ ಎದುರು ಮಾತಾಡಲಿಲ್ಲ? ನಮ್ಮ ಗುಂಪಿನಲ್ಲಿ ಹೊಗಳಿಕೆಯ ಹಾಗೆ ಬರೆಯುತ್ತಾರಲ್ಲ, "ಎದುರು ಮಾತಾಡಲ್ಲ" ಅಂತ, ಅದರ ಹಿಂದೆ ಏನಿದೆ? ಅವರಲ್ಲಿ "ಹಿಯಾ" ಅಂತ ಒಂದು ಮಾತಿದೆ. ಇಂಗ್ಲಿಷಿನಲ್ಲಿ ಅದನ್ನು ನಾಚಿಕೆ ಅಂತ ಮಾಡುತ್ತಾರೆ, ಸರಿಹೋಗುವುದಿಲ್ಲ. ನಮ್ಮ ದಾಕ್ಷಿಣ್ಯವೇ ಅದು. ಇನ್ನೊಂದು "ಉತಾಂಗ್ ನಾ ಲೊಓಬ್", ಒಳಗಿನ ಸಾಲ. ನಮ್ಮ ಋಣ. ಕೆಲಸ ಕೊಟ್ಟವರ ಋಣ, ಕರೆಸಿಕೊಂಡ ಅಕ್ಕನ ಋಣ, ಇರಲು ಜಾಗ ಕೊಟ್ಟ ನೆಂಟರ ಋಣ. ದಾಕ್ಷಿಣ್ಯ, ಋಣ ಇವು ಮನೆ ಮಂದಿಯನ್ನು ಕಟ್ಟಿ ಹಿಡಿಯುವ ಒಳ್ಳೆಯ ಗುಣಗಳು, ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೆ ದುಡಿಸಿಕೊಳ್ಳುವವರ ಕೈಗೆ ಸಿಕ್ಕಿದರೆ ಅದೇ ಹಗ್ಗ ಆಗುತ್ತದೆ. ಇದನ್ನು ನಾವು ಮಾತ್ರ ಮಾಡುತ್ತೇವೆ ಅಂತಲೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಾಮೂಲಿ ಮನೆಗಳಲ್ಲೇ ಆರು ಹಾಸಿಗೆ ಹಾಕಿ ಮುದುಕರನ್ನು ಇಟ್ಟುಕೊಳ್ಳುವ ಆರೈಕೆ ಮನೆಗಳಿವೆ. ಅವುಗಳಲ್ಲಿ ಎಷ್ಟೋ ಫಿಲಿಪಿನೊ ಮಾಲೀಕರವು, ದುಡಿಯುವವರೂ ಫಿಲಿಪಿನೊಗಳೇ. ರಾತ್ರಿ ಹಗಲು ದುಡಿಸಿ ಸಂಬಳ ಕೊಡದೆ ಮೋಸ ಮಾಡಿದ್ದಕ್ಕೆ ಇಂಥ ಮನೆಗಳ ಮೇಲೆ ರಾಜ್ಯದ ಲೇಬರ್ ಕಮಿಷನರ್ ಎಷ್ಟೋ ಸಲ ಕ್ರಮ ತೆಗೆದುಕೊಂಡಿದ್ದಾರೆ. "ನಾನಲ್ವಾ ನಿನಗೆ ಮೊದಲು ಕೆಲಸ ಕೊಟ್ಟದ್ದು" ಅನ್ನುವ ಒಂದು ಮಾತು ಸಾಕು, ಬಾಯಿ ಕಟ್ಟುತ್ತದೆ. ಈ ದೇಶದಲ್ಲಿ ಇರಲು ಪೇಪರ್ ಇಲ್ಲದವರ ಪಾಡಂತೂ ಇನ್ನೂ ಕಷ್ಟ. ಅವರಿಗೆ ಟಿಎನ್‌ಟಿ ಅಂತಾರೆ, "ತಾಗೊ ನಾಂಗ್ ತಾಗೊ", ಬಚ್ಚಿಟ್ಟುಕೊಂಡೇ ಇರುವವರು.

ಈ ಹೊತ್ತಿಗೆ ಸರಿಯಾಗಿ ನನ್ನ ಮಗಳು ಒಂದು ಶಾಲೆಯ ಪ್ರಾಜೆಕ್ಟ್ ಹಿಡಿದುಕೊಂಡು ಬಂದಳು. ಅವಳು ಓದುವುದು ಇಟ್ಲಿಯಾಂಗ್ ವೆರಾ ಕ್ರುಜ್ ಮಿಡ್ಲ್ ಸ್ಕೂಲಿನಲ್ಲಿ. ಯೂನಿಯನ್ ಸಿಟಿ ಕಡೆಯ ನಮ್ಮವರ ಮಕ್ಕಳೂ ಎಷ್ಟೋ ಜನ ಅಲ್ಲಿ ಓದುತ್ತಾರೆ. ಆ ಎರಡು ಹೆಸರು ಯಾರದು ಅಂತ ನಾವು ಯಾರಾದರೂ ಕೇಳಿದ್ದೇವಾ? ನಾನಂತೂ ಕೇಳಿರಲಿಲ್ಲ. ಲ್ಯಾರಿ ಇಟ್ಲಿಯಾಂಗ್, ಫಿಲಿಪ್ ವೆರಾ ಕ್ರುಜ್. ಇಬ್ಬರೂ ಫಿಲಿಪೀನ್ಸಿನಿಂದ ಹುಡುಗರಾಗಿ ಬಂದು ಹೊಲಗಳಲ್ಲಿ ದುಡಿದವರು. 1965ರ ಸೆಪ್ಟೆಂಬರ್ 8ರಂದು ಕ್ಯಾಲಿಫೋರ್ನಿಯಾದ ಡೆಲಾನೊ ಊರಿನ ದ್ರಾಕ್ಷಿ ತೋಟಗಳಲ್ಲಿ ಕೆಲಸ ನಿಲ್ಲಿಸಿದ್ದು ಈ ಫಿಲಿಪಿನೊ ಕೂಲಿಗಳೇ. ಕೇಳಿದ್ದು ಗಂಟೆಗೆ 1 ಡಾಲರ್ 40 ಸೆಂಟ್. ಎಂಟು ದಿನಕ್ಕೆ ಕೂಲಿಗಳ ನಾಯಕ ಸೀಸರ್ ಚಾವೆಜ್ ಅವರ ಮೆಕ್ಸಿಕನ್ ಕೂಲಿಗಳೂ ಬಂದು ಸೇರಿದರು. ಐದು ವರ್ಷ ನಡೆಯಿತು ಅದು, 1970ರಲ್ಲಿ ತೋಟದ ಮಾಲೀಕರು ಒಪ್ಪಂದಕ್ಕೆ ಸಹಿ ಹಾಕುವವರೆಗೆ.

ಅವರಲ್ಲಿ ಬಹಳ ಜನ ಮದುವೆಯಾಗದೇ ಮುದುಕರಾದ ಗಂಡಸರು. ಅವರಿಗೆ "ಮನೋಂಗ್" ಅಂತಾರೆ, ಇಲೊಕಾನೊ ಭಾಷೆಯಲ್ಲಿ ಅಣ್ಣ. ಫಿಲಿಪೀನ್ಸ್ 1898ರಿಂದ 1946ರವರೆಗೆ ಅಮೆರಿಕದ ಕೈಯಲ್ಲಿತ್ತು, ಹಾಗಾಗಿ ಕೂಲಿಗೆ ಬರಲು ತಡೆ ಇರಲಿಲ್ಲ. ಆದರೆ ಬಂದವರು ಹೆಚ್ಚಾಗಿ ಒಂಟಿ ಹುಡುಗರು, ಹೆಣ್ಣುಮಕ್ಕಳು ಬಹಳ ಕಡಿಮೆ. ಬಿಳಿಯ ಹೆಣ್ಣನ್ನು ಮದುವೆ ಆಗದ ಹಾಗೆ 1933ರಲ್ಲಿ ಕ್ಯಾಲಿಫೋರ್ನಿಯಾ ಕಾನೂನನ್ನೇ ತಿದ್ದಿತು. 1934ರಲ್ಲಿ ಇನ್ನೊಂದು ಕಾನೂನು ಬಂದು ವರ್ಷಕ್ಕೆ 50 ಜನ ಮಾತ್ರ ಬರಬಹುದು ಅಂತಾಯಿತು. ಕುಟುಂಬವೇ ಎಲ್ಲ ಅಂದುಕೊಂಡ ಜನಕ್ಕೆ ಕುಟುಂಬವನ್ನೇ ಇಲ್ಲದ ಹಾಗೆ ಮಾಡಿದರು. ಆ ಅಣ್ಣಂದಿರು ಮಾಡಿದ್ದೇನು ಗೊತ್ತಾ, ಯಾರದ್ದಾದರೂ ಮನೆಯಲ್ಲಿ ಒಂದು ಮಗು ಹುಟ್ಟಿದರೆ ಹತ್ತಾರು ಜನ ಒಟ್ಟಿಗೆ ಗಾಡ್‌ಫಾದರ್ ಆಗಿ ನಿಲ್ಲುತ್ತಿದ್ದರು. ಇದ್ದ ಒಂದೇ ಮಗುವಿಗೆ ಎಲ್ಲರೂ ಸೋದರಮಾವಂದಿರು.

ಇದನ್ನೆಲ್ಲ ಮಗಳು ಊಟದ ಮೇಜಿನ ಮೇಲೆ ಓದಿ ಹೇಳುತ್ತಿದ್ದಾಗ ಆತೆ ಅಮ್ಮನಿಗೆ ತಿನ್ನಿಸುತ್ತಿದ್ದರು. ಇಟ್ಲಿಯಾಂಗ್ ಹುಟ್ಟಿದ್ದು ಪಂಗಾಸಿನಾನ್‌ನಲ್ಲಿ ಅಂತ ಕೇಳಿದ ಕೂಡಲೇ ಚಮಚ ನಿಂತಿತು. "ನಮ್ಮ ಕಡೆಯವರಾ?" ಅಂದರು. 20 ವರ್ಷ ಪಾಠ ಹೇಳಿದವರಿಗೆ ಈ ಹೆಸರು ಗೊತ್ತಿರಲಿಲ್ಲ. ಆ ರಾತ್ರಿ ನಾನು ಕೂತು ಲೆಕ್ಕ ಹಾಕಿದೆ. ಗಂಟೆಗೆ 1.40 ಕೇಳಿ ಬೀದಿಗಿಳಿದವರ ಹೆಸರಿನ ಶಾಲೆಗೆ ಮಗಳನ್ನು ಕಳಿಸಿ, ಅವರ ಊರಿನವರಿಗೇ ನಾನು ಕಾನೂನಿಗಿಂತ ಕಡಿಮೆ ಕೂಲಿ ಕೊಡುತ್ತಿದ್ದೆ.

ಲೆಕ್ಕ ನಿಮಗೂ ಹೇಳುತ್ತೇನೆ, ದಯವಿಟ್ಟು ಓದಿ. ಮನೆಗಳಲ್ಲಿ ಆರೈಕೆ ಮಾಡುವವರಿಗೂ ಓವರ್‌ಟೈಮ್ ಕೊಡಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ 2014ರ ಜನವರಿಯಿಂದ ಕಾನೂನಿದೆ, 2016ರಲ್ಲಿ ಅದನ್ನು ಕಾಯಂ ಮಾಡಿದರು. ದಿನಕ್ಕೆ 9 ಗಂಟೆ ದಾಟಿದರೆ, ಇಲ್ಲವೇ ವಾರಕ್ಕೆ 45 ಗಂಟೆ ದಾಟಿದರೆ, ಆಮೇಲಿನ ಪ್ರತಿ ಗಂಟೆಗೆ ಒಂದೂವರೆ ಪಟ್ಟು. 2025ರಲ್ಲಿ ರಾಜ್ಯದ ಕನಿಷ್ಠ ಕೂಲಿ ಗಂಟೆಗೆ 16.50 ಡಾಲರ್, 2026ರ ಜನವರಿಯಿಂದ 16.90. ಸುತ್ತಲಿನ ಎಷ್ಟೋ ಊರುಗಳಲ್ಲಿ ಇದಕ್ಕಿಂತ ಜಾಸ್ತಿ ಇದೆ. ನಮ್ಮ ಮನೆಯ ಲೆಕ್ಕ ವಾರಕ್ಕೆ 72 ಗಂಟೆ. 45 ಗಂಟೆ ಮಾಮೂಲಿ ದರದಲ್ಲಿ, ಉಳಿದ 27 ಗಂಟೆ ಒಂದೂವರೆ ಪಟ್ಟು. ಕೂಡಿದರೆ 1,410 ಡಾಲರ್ ಚಿಲ್ಲರೆ. ನಾನು ಕೊಡುತ್ತಿದ್ದದ್ದು 900. ವಾರಕ್ಕೆ 510 ಡಾಲರ್ ನಮ್ಮ ಮನೆಯಲ್ಲೇ ಉಳಿಯುತ್ತಿತ್ತು. ಉಳಿತಾಯ ಅಂದುಕೊಂಡಿದ್ದೆ. ಅದು ಅವರ ದುಡ್ಡು.

ಇನ್ನೊಂದು ವಿಷಯ ನಮ್ಮವರಿಗೆ ಯಾರಿಗೂ ಗೊತ್ತಿಲ್ಲ. ಆರೈಕೆಗೆ ಅಂತ ಇಟ್ಟುಕೊಂಡವರ ಕೈಯಲ್ಲಿ ಇಡೀ ಮನೆಯ ಪಾತ್ರೆ, ಬಟ್ಟೆ, ಎಲ್ಲರ ಅಡುಗೆ ಮಾಡಿಸಿ, ಅಂಥ ಕೆಲಸ ಒಟ್ಟು ಹೊತ್ತಿನಲ್ಲಿ ನೂರಕ್ಕೆ 20 ಭಾಗ ದಾಟಿದರೆ ಕಾನೂನಿನ ಕಣ್ಣಿಗೆ ಅವರು ಬೇರೆ ಥರದ ಕೆಲಸಗಾರರು, ಓವರ್‌ಟೈಮ್ ಇನ್ನೂ ಬೇಗ ಶುರುವಾಗಬಹುದು. "ಹೇಗೂ ಮನೆಯಲ್ಲೇ ಇದ್ದಾರಲ್ಲ, ಒಂದು ಹಿಡಿ ಬೀನ್ಸ್ ಹೆಚ್ಚಿಕೊಡಲಿ" ಅಂತ ಶುರುವಾಗುವುದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ನಮಗೆಲ್ಲ ಗೊತ್ತು. ರಾತ್ರಿ ಎದ್ದು ಅಮ್ಮನನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗುವುದೂ ಕೆಲಸವೇ, ಅದನ್ನೂ ಗಂಟೆಗೆ ಸೇರಿಸಬೇಕು. ಅವರ ಹತ್ತಿರ ಪೇಪರ್ ಇರಲಿ ಇಲ್ಲದಿರಲಿ, ದುಡಿದ ಗಂಟೆಗೆ ಕೂಲಿ ಒಂದೇ.

"ನಮಗೆ ದುಡ್ಡು ಮರದಲ್ಲಿ ಬಿಡುತ್ತಾ?" ಅಂತ ಕೇಳುತ್ತೀರಿ. ಕೇಳಬೇಕಾದ ಮಾತೇ. ಎಲ್ಲರ ಮನೆಯಲ್ಲೂ ಎರಡು ಟೆಕ್ ಸಂಬಳ ಇಲ್ಲ, ಲೇಆಫ್ ಆಗಿ, ಬೇರೆ ಕೆಲಸ ಹುಡುಕಲು ವೀಸಾದವರಿಗೆ ಸಿಗುವ ಅರವತ್ತು ದಿನದ ಲೆಕ್ಕ ಎಣಿಸುತ್ತಿರುವವರು ನಮ್ಮಲ್ಲೇ ಇದ್ದಾರೆ. ನಮ್ಮ ಮನೆಯಲ್ಲೂ 1,410 ಸುಲಭ ಇರಲಿಲ್ಲ. ನಾವು ಮಾಡಿದ್ದು ಇಷ್ಟು: ಗಂಟೆ ಕಡಿಮೆ ಮಾಡಿದೆವು, ಕೂಲಿ ಕಡಿಮೆ ಮಾಡಲಿಲ್ಲ. ಈಗ ಆತೆ ದಿನಕ್ಕೆ 9 ಗಂಟೆ, ವಾರಕ್ಕೆ ಐದು ದಿನ ಇರುತ್ತಾರೆ, ಗಂಟೆಗೆ 20 ಡಾಲರ್, ಒಟ್ಟು ಮೊದಲಿನ 900ವೇ. ಅಂದರೆ ಅದೇ ದುಡ್ಡಿಗೆ ಅವರಿಗೆ ವಾರಕ್ಕೆ 27 ಗಂಟೆ ವಾಪಸ್ ಸಿಕ್ಕಿತು. ಬೆಳಗಿನ ಎರಡು ಗಂಟೆ ನಮ್ಮನೆಯವರದು, ಸಂಜೆ ನನ್ನದು. ಶನಿವಾರ ಸ್ಯಾನ್ ರಾಮೋನಿನಿಂದ ನನ್ನ ತಮ್ಮ ಬರುತ್ತಾನೆ. ಮೊದಲು ಅವನು ಬರುತ್ತಲೇ ಇರಲಿಲ್ಲ, ಆಳು ಇದ್ದಾರಲ್ಲ ಅಂತ. ಹಿಂದಿನ ಬಾಕಿಯನ್ನೂ ಲೆಕ್ಕ ಹಾಕಿ ಕಂತಿನಲ್ಲಿ ಕೊಡುತ್ತಿದ್ದೇವೆ. ಕೆಲಸದಲ್ಲಿರುವವರು ಕ್ಯಾಲಿಫೋರ್ನಿಯಾದ ಪೇಯ್ಡ್ ಫ್ಯಾಮಿಲಿ ಲೀವ್ ನೋಡಿ, ಹೆತ್ತವರ ಆರೈಕೆಗೂ ಎಂಟು ವಾರದವರೆಗೆ ಸಂಬಳದ ಹೆಚ್ಚಿನ ಪಾಲು ಸಿಗುತ್ತದೆ. ಮಗು ಹುಟ್ಟಿದಾಗ ತೆಗೆದುಕೊಂಡವರು ಅಪ್ಪನಿಗೆ ಹುಷಾರು ತಪ್ಪಿದಾಗ ಯಾಕೆ ಮರೆಯುತ್ತೀರಿ?

ಹೆತ್ತವರ ಸೇವೆ ನಮ್ಮ ಸಂಪ್ರದಾಯ ಅಂತ ಹೇಳಿಕೊಳ್ಳುತ್ತೇವೆ. ಸಂಪ್ರದಾಯ ನಡೆಯುವುದು ಮನುಷ್ಯರ ಹೊತ್ತಿನಿಂದ. ಯಾರೋ ಒಬ್ಬರು ಅಷ್ಟು ಗಂಟೆ ಕೊಡಬೇಕು. ನಾವು ಕೊಡದೆ ಇದ್ದಾಗ ಆ ಗಂಟೆಗಳನ್ನು ಇನ್ನೊಂದು ಮನೆಯಿಂದ ತರುತ್ತೇವೆ, ಆ ಮನೆಯ ಹಬ್ಬ, ಭಾನುವಾರದ ಪೂಜೆ, ಮಗಳ ಜೊತೆ ಊರಿನ ಭಾಷೆಯಲ್ಲಿ ಆಡಬೇಕಾದ ಮಾತು ಎಲ್ಲ ಅದರ ಜೊತೆಗೇ ಬಂದುಬಿಡುತ್ತದೆ. ಆತೆಯ ಮಗಳು ಇಲ್ಲಿಗೆ ಬಂದಾಗ ಪಂಗಾಸಿನಾನ್ ಮಾತನ್ನು ಚೆನ್ನಾಗಿ ಆಡುತ್ತಿದ್ದಳಂತೆ. ಈಗ ಇಂಗ್ಲಿಷ್. ಯಾರ ಜೊತೆ ಆಡಬೇಕು? ಅಮ್ಮ ನಮ್ಮ ಮನೆಯಲ್ಲಿ, ಅಪ್ಪನಿಗೆ ವಿಮಾನ ನಿಲ್ದಾಣದಲ್ಲಿ ರಾತ್ರಿ ಪಾಳಿ. ಅದೇ ಹೊತ್ತಿನಲ್ಲಿ ಆತೆ ನನ್ನ ಮಗಳಿಗೆ ಅಜ್ಜಿಯ ಜೊತೆ ಕನ್ನಡ ಆಡು ಅಂತ ಹೇಳುತ್ತಿದ್ದರು.

ಅವರು ಬಂದ ದಾರಿಯನ್ನೂ ಹೇಳಬೇಕು, ಯಾಕೆಂದರೆ ಇದು ನಮಗೆ ಅರ್ಥವಾಗುವಷ್ಟು ಬೇರೆಯವರಿಗೆ ಅರ್ಥವಾಗುವುದಿಲ್ಲ. ಆತೆಯ ಅಕ್ಕ ಇಲ್ಲಿ ನರ್ಸ್. 2002ರಲ್ಲಿ ತಂಗಿಗೆ ಅಂತ ಅರ್ಜಿ ಹಾಕಿದರು. ವೀಸಾ ಬಂದದ್ದು 2022ರಲ್ಲಿ. ಅರ್ಜಿ ಹಾಕುವಾಗ ತೊಡೆಯ ಮೇಲಿದ್ದ ಮಗನಿಗೆ ಅಷ್ಟರಲ್ಲಿ 24 ಆಗಿತ್ತು. ದೊಡ್ಡವನಾದ ಅಂತ ಅವನನ್ನು ಅರ್ಜಿಯಿಂದ ಕೈಬಿಟ್ಟರು. 15 ವರ್ಷದ ಮಗಳು ಮಾತ್ರ ಬಂದಳು. ಈಗ ಮಗನಿಗೆ ಬೇರೆ ಅರ್ಜಿ ಹಾಕಿದ್ದಾರೆ, ಫಿಲಿಪೀನ್ಸಿನವರಿಗೆ ಆ ಸಾಲು ಹತ್ತು ವರ್ಷಕ್ಕಿಂತ ಉದ್ದ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು, ಮಕ್ಕಳಿಗೆ 21 ಆಗಿಬಿಟ್ಟರೆ ಏನು ಗತಿ ಅಂತ ನಿದ್ದೆ ಬಿಟ್ಟ ಎಷ್ಟು ಮನೆಗಳಿವೆ ನಮ್ಮಲ್ಲಿ! ಒಂದೊಂದು ದೇಶಕ್ಕೆ ಇಷ್ಟೇ ಅನ್ನುವ ಅದೇ ಮಿತಿ ನಮ್ಮಿಬ್ಬರನ್ನೂ ಕಾಯಿಸುತ್ತಿದೆ.

ಅವರ ದೇಶದ ಸರ್ಕಾರ ಹೊರಗೆ ದುಡಿಯುವವರನ್ನು "ಬಾಗೊಂಗ್ ಬಯಾನಿ", ಹೊಸ ವೀರರು ಅಂತ ಕರೆಯುತ್ತದೆ. 2024ರಲ್ಲಿ ಹೊರಗಿನಿಂದ ಅಲ್ಲಿಗೆ ಬ್ಯಾಂಕ್ ಮೂಲಕ ಹೋದ ದುಡ್ಡು 3,400 ಕೋಟಿ ಡಾಲರಿಗೂ ಜಾಸ್ತಿ. ಈ ದೇಶವೂ ಕೋವಿಡ್ ಕಾಲದಲ್ಲಿ ಅವರಿಗೆ ಚಪ್ಪಾಳೆ ತಟ್ಟಿತು. ಅಮೆರಿಕದ ನರ್ಸುಗಳಲ್ಲಿ ಫಿಲಿಪಿನೊಗಳು ನೂರಕ್ಕೆ 4 ಜನ. ಆದರೆ ನರ್ಸುಗಳ ಸಂಘ 2020ರ ಸೆಪ್ಟೆಂಬರಿನಲ್ಲಿ ಕೊಟ್ಟ ಲೆಕ್ಕದಲ್ಲಿ, ಕೋವಿಡ್‌ನಿಂದ ಸತ್ತ ನರ್ಸುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಅವರೇ. ಆತೆಯ ಅಕ್ಕ ಆ ವರ್ಷ ಮೂರು ತಿಂಗಳು ಗ್ಯಾರೇಜಿನಲ್ಲಿ ಮಲಗಿದರು, ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದರು ಅಂತ.

ನಾನು ಕೇಳುವುದು ದೊಡ್ಡದೇನಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ದುಡಿಯುತ್ತಿದ್ದರೆ ಇವತ್ತು ರಾತ್ರಿ ಒಂದು ಕಾಗದ ತೆಗೆದುಕೊಂಡು ಗಂಟೆ ಲೆಕ್ಕ ಹಾಕಿ. ಬಂದ ಹೊತ್ತು, ಹೋದ ಹೊತ್ತು ಬರೆದಿಡಿ, ಅವರಿಗೂ ಒಂದು ಪ್ರತಿ ಕೊಡಿ. ರಜೆ ಕೇಳಿದ ದಿನ ರಜೆ ಕೊಡಿ. "ಪರವಾಗಿಲ್ಲ" ಅಂದರೆ ನಂಬಬೇಡಿ, ನಾವೂ ದಾಕ್ಷಿಣ್ಯಕ್ಕೆ ಹಾಗೇ ಅನ್ನುವವರಲ್ವಾ. ಕನ್ನಡ ಕೂಟಗಳ ಸಮಿತಿಯವರಲ್ಲಿ ಒಂದು ಬೇಡಿಕೆ: ಟ್ಯಾಕ್ಸ್ ಬಗ್ಗೆ, ಕಾಲೇಜು ಅಡ್ಮಿಷನ್ ಬಗ್ಗೆ ಕಾರ್ಯಕ್ರಮ ಮಾಡುತ್ತೀರಲ್ಲ, ಮನೆಗೆಲಸದವರ ಕೂಲಿ ಕಾನೂನಿನ ಬಗ್ಗೆಯೂ ಒಂದು ಭಾನುವಾರ ಕನ್ನಡದಲ್ಲೇ ಮಾಡಿ. ವಯಸ್ಸಾದ ಅಪ್ಪ ಅಮ್ಮ ಇರುವ ಮನೆಗಳು ಪ್ರತಿ ವರ್ಷ ಹೆಚ್ಚುತ್ತಿವೆ. ನಾನು ಬಂದು ನಮ್ಮ ಮನೆಯ ಲೆಕ್ಕ ಇದ್ದದ್ದು ಇದ್ದ ಹಾಗೆ ಹೇಳಲು ತಯಾರು. ಮತ್ತೆ ದಯವಿಟ್ಟು ಆ "ಎದುರು ಮಾತಾಡಲ್ಲ" ಅನ್ನುವುದನ್ನು ಇನ್ನು ಬರೆಯಬೇಡಿ.

ಒಂದು ಮಾತು ಉಳಿದಿದೆ. ಸೆಪ್ಟೆಂಬರಿನಲ್ಲಿ ಆತೆ ಪೆಟ್ಟಿಗೆ ಕಟ್ಟಿ ಕಳಿಸಿದ ದಿನ ಅಮ್ಮನಿಗೆ ಕ್ರಿಸ್‌ಮಸ್ ಬಗ್ಗೆ ಹೇಳುತ್ತಿದ್ದರು, ನಾನು ಮಧ್ಯೆ ಕೂತು ಕನ್ನಡ ಮಾಡುತ್ತಿದ್ದೆ. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ, ಬೆಳಕು ಹರಿಯುವ ಮುಂಚೆ ಎದ್ದು ಚರ್ಚಿಗೆ ಹೋಗುತ್ತಾರೆ, "ಸಿಂಬಾಂಗ್ ಗಬಿ" ಅಂತ. ಹೊಲಕ್ಕೆ ಹೋಗುವವರು ಹೋಗುವ ಮುಂಚೆ ಪೂಜೆ ಮುಗಿಸಲಿ ಅಂತ ಶುರುವಾದದ್ದಂತೆ. ಚಳಿ, ಕತ್ತಲು, ನಕ್ಷತ್ರದ ಆಕಾರದ ಲಾಟೀನುಗಳು, ಹೊರಗೆ ಬಂದರೆ ಬಾಳೆ ಎಲೆಯ ಮೇಲೆ ಬಿಸಿ ಬಿಸಿ ಅಕ್ಕಿ ಕಡುಬು. ನಾನು ಹೇಳಿ ಮುಗಿಸುವ ಮುಂಚೆಯೇ ಅಮ್ಮ "ಧನುರ್ಮಾಸ" ಅಂದರು. ಅದೇ ತಾರೀಖು. ತಿಪಟೂರಿನಲ್ಲಿ ಅದೇ ಡಿಸೆಂಬರ್ 16ರ ಸುಮಾರಿಗೆ ನಸುಕಿನಲ್ಲಿ ತಣ್ಣೀರು ಸ್ನಾನ ಮಾಡಿ, ಶಾಲು ಹೊದ್ದು ದೇವಸ್ಥಾನಕ್ಕೆ ಹೋಗಿ, ದೊನ್ನೆಯಲ್ಲಿ ಬಿಸಿ ಹುಗ್ಗಿ ತಿಂದದ್ದನ್ನು ಅಮ್ಮ ಎಡಗೈಯಲ್ಲೇ ಅಭಿನಯಿಸಿ ತೋರಿಸಿದರು. ಆತೆ ಇಲ್ಲಿಗೆ ಬಂದ ಮೇಲೆ ಒಂದು ವರ್ಷವೂ ಆ ಒಂಬತ್ತು ದಿನ ಪೂರ್ತಿ ಹೋಗಿಲ್ಲ, ಯಾವುದಾದರೂ ಮನೆಯಲ್ಲಿ ಬೆಳಗಿನ ಪಾಳಿ ಇದ್ದೇ ಇರುತ್ತಿತ್ತು. ಒಂಬತ್ತೂ ದಿನ ತಪ್ಪದೆ ಹೋದರೆ ಬೇಡಿಕೊಂಡದ್ದು ನಡೆಯುತ್ತದೆ ಅಂತ ಅವರ ನಂಬಿಕೆ. ಏನು ಬೇಡಿಕೊಳ್ಳುತ್ತಾರೆ ಅಂತ ನಾನು ಕೇಳಲಿಲ್ಲ. ಮಗನ ವಿಷಯವೇ ಇರಬೇಕು.

ನಮ್ಮ ಫ್ರಿಜ್ ಮೇಲೆ ಈಗ ಒಂದು ಚೀಟಿ ಅಂಟಿಸಿದ್ದೇವೆ. ಡಿಸೆಂಬರ್ 16ರಿಂದ 24: ಆತೆ ಬರುವುದು 10 ಗಂಟೆಗೆ, ಸಂಬಳ ಪೂರ್ತಿ. ಬೆಳಗಿನ ಹೊತ್ತು ಅಮ್ಮನ ಜೊತೆ ನಾನು. ಅದರ ಕೆಳಗೆ ಅಮ್ಮ ಎಡಗೈಯಲ್ಲಿ ಸೊಟ್ಟಗೆ ಒಂದು ಪದ ಬರೆದಿದ್ದಾರೆ, ನನ್ನ ಮಗಳ ಕೈ ಹಿಡಿದು: ಹುಗ್ಗಿ.

ಇಂತಿ,
ಯೂನಿಯನ್ ಸಿಟಿಯಲ್ಲಿರುವ ತಿಪಟೂರಿನ ಮಗಳು